ಯಲ್ಲಪ್ಪನವರ ಮೂರು ಚುಕ್ಕೆ

ನನಗಿಂತ ಎರಡು ವರ್ಷ ದೊಡ್ಡದಾದ ಮಾರುತಿ ಕಾರನ್ನು ನಾನು ಕೊಂಡದ್ದು ಬಸ್ಸಿನಲ್ಲಿ ನೇತಾಡುವ ಅವಮಾನ ತಪ್ಪಿಸಿಕೊಳ್ಳಲು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವನಿಗೆ ಅಷ್ಟೊಂದು ಮಾನ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಕಾರೇ ಕೇಳಿತು. ಸುಂಕದಕಟ್ಟೆಯ ಸಿಗ್ನಲ್‌ನಲ್ಲಿ ಬಾನೆಟ್ಟಿನಿಂದ ಹಬೆ ಎದ್ದು, ಕೆಳಗೆ ಹಳದಿ ನೀರು ಸುರಿಯಿತು. ಪಕ್ಕದ ಆಟೋದವನು ಇಣುಕಿ, "ಏನ್ ಗುರು, ಗಾಡಿಗೆ ಅರಿಶಿನ ಶಾಸ್ತ್ರನಾ?" ಅಂದ.

ಅವನು ತಪ್ಪೇನೂ ಹೇಳಿರಲಿಲ್ಲ. ರೇಡಿಯೇಟರ್ ಸೋರುತ್ತಿದೆ ಅಂದಾಗ ನನ್ನ ಜೊತೆ ಕೆಲಸ ಮಾಡುವ ಗಿರಿರಾಜ್, "ಒಂದ್ ಸ್ಪೂನ್ ಅರಿಶಿನ ಹಾಕು ಮಗಾ, ತೂತು ತಾನಾಗೇ ಮುಚ್ಕೊಳುತ್ತೆ" ಅಂದಿದ್ದ. ಚಮಚಕ್ಕೇ ಮುಚ್ಚುವುದಾದರೆ ಇಡೀ ಪೊಟ್ಟಣಕ್ಕೆ ಇನ್ನೆಷ್ಟು ಭದ್ರವಾದೀತು ಎಂಬುದು ನನ್ನ ಸ್ವಂತ ಸಂಶೋಧನೆ.

ಕಾರಿಗೆ ಹಗ್ಗ ಕಟ್ಟಿಸಿ ಯಲ್ಲಪ್ಪನವರ ಶೆಡ್ಡಿಗೆ ಎಳೆಸಿಕೊಂಡು ಹೋದೆ. ಹತ್ತೊಂಬತ್ತನೆಯ ವಯಸ್ಸಿಗೆ ರೋಣದ ಕಡೆಯಿಂದ ಬಂದು, ಮಾಗಡಿ ರಸ್ತೆಯಲ್ಲಿ ಲಾರಿ ರೇಡಿಯೇಟರ್ ಬೆಸೆಯುವುದನ್ನು ಕಲಿತವರು, ಈಗ ಅರವತ್ತು. ಊರಿನ ಮಾತನ್ನೂ ಬಿಟ್ಟಿಲ್ಲ, ಜಗತ್ತಿನ ಮೇಲಿನ ತಾತ್ಸಾರವನ್ನೂ ಬಿಟ್ಟಿಲ್ಲ. ಈಗಿನ ಕಾರುಗಳ ಪ್ಲಾಸ್ಟಿಕ್ ತಲೆಯ ರೇಡಿಯೇಟರ್ ತಂದರೆ, "ಇದನ್ನ ಬಕೆಟ್ ಅಂಗಡ್ಯಾಗ ಕೊಡ್ರಿ" ಎಂದು ವಾಪಸ್ ಕಳಿಸುತ್ತಾರೆ. ಹಿತ್ತಾಳೆಯದನ್ನು ಮಾತ್ರ ಮುಟ್ಟುವುದು. ಹಾಗಾಗಿ ದಿನಕ್ಕೊಬ್ಬ ಗಿರಾಕಿ ಬಂದರೆ ಹೆಚ್ಚು. ಬೆಸೆದಾದ ಮೇಲೆ ಅಂಚಿನಲ್ಲಿ ಉಕ್ಕಿನ ಮೊಳೆಯಿಂದ ಮೂರು ಚುಕ್ಕೆ ಹೊಡೆಯುತ್ತಾರೆ. ಆ ಚುಕ್ಕೆ ಬಿದ್ದದ್ದು ಒಂದೂ ಸೋರಿಕೊಂಡು ವಾಪಸ್ ಬಂದಿಲ್ಲ ಎಂಬುದೊಂದೇ ಅವರಿಗೆ ಉಳಿದಿದ್ದ ಆಸ್ತಿ. ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದರು. ನನಗೂ ಹೇಳಿದರು.

ಆಮೇಲೆ ಮುಚ್ಚಳ ತೆಗೆದು ಮೂಸಿದರು. "ಸಾಹೇಬ್ರ, ಒಗ್ಗರಣಿ ಯಾವಾಗ ಹಾಕವ್ರಿದ್ರಿ?"

"ಯಾರೋ ಹೇಳಿದ್ರು ಅಣ್ಣ."

"ಹೇಳಾಂವಗ ಬುದ್ಧಿ ಇಲ್ಲ. ಕೇಳಾಂವಗರ ಬ್ಯಾಡೇನು?"

ರೇಡಿಯೇಟರ್ ಬಿಚ್ಚಿ, ಅರಿಶಿನದ ಕೆಸರನ್ನೆಲ್ಲ ತೊಳೆದು, ಅದರ ಬಾಯಿಗಳಿಗೆ ರಬ್ಬರ್ ಬಿಗಿದು, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೇಲಿನ ಮೂಲೆಯ ಹಳೆಯ ಬೆಸುಗೆಯಿಂದ ಗುಳ್ಳೆಗಳು ಸಾಲಾಗಿ ಎದ್ದವು.

"ನೋಡ್ರಿ ಕೆಲಸ. ಇದು ಬೆಸಗಿ ಅಲ್ಲ, ಉಗುಳು ಹಚ್ಚ್ಯಾನ. ಯಾವ ಮಂಗ್ಯಾ ಮಾಡ್ಯಾನ ಇದನ್ನ?"

ಕಾರು ಮಾರಿದ ಚಂದ್ರಾ ಲೇಔಟ್‌ನ ಗಂಗಾಧರಯ್ಯನವರನ್ನೇ ಕೇಳಬೇಕು ಅಂದೆ. ಯಲ್ಲಪ್ಪ ತಂತಿ ಬ್ರಷ್ಷಿನಿಂದ ಆ ಮೂಲೆಯ ಕಪ್ಪು ಬಣ್ಣ ಉಜ್ಜತೊಡಗಿದರು. ಉಜ್ಜುತ್ತಾ ಬೈಯುತ್ತಿದ್ದವರು ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು.

"ನನ್ ಅರಿಶಿನದಿಂದಾನೇ ಹಾಳಾಯ್ತಾ ಅಣ್ಣ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನು ನಂಬುತ್ತಿದ್ದೆ, ಪೊಟ್ಟಣ ಸುರಿದವನು ಏನನ್ನಾದರೂ ನಂಬುತ್ತಾನೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಹೆಬ್ಬೆರಳು ತೆಗೆದರು. ಮೂರು ಚುಕ್ಕೆ.

"ಆ ಮಂಗ್ಯಾ ನಾನ ರೀ," ಅಂದರು, ಅದೇ ತಾತ್ಸಾರದ ದನಿಯಲ್ಲಿ. "ಅರಿಷಿಣದಿಂದ ಕೊಳವಿ ಕಟ್ಟೇತಿ, ಅದು ನಿಮ್ಮ ದಡ್ಡತನ. ತೂತು ಮಾತ್ರ ನಂದು."

"ಎಷ್ಟ್ ವರ್ಷದ ಹಿಂದಿಂದೋ ಏನೋ, ಬಿಡಿ ಅಣ್ಣ."

"ಸಮಾಧಾನ ಮಾಡಬ್ಯಾಡ್ರಿ. ಅರಿಷಿಣ ಹಾಕಾವ್ರ ಕಡಿಂದ ಸಮಾಧಾನ ಮಾಡಿಸ್ಕೊಳ್ಳೂವಷ್ಟು ಇನ್ನೂ ಕೆಟ್ಟಿಲ್ಲ ನಾ."

ಸಂಜೆಯವರೆಗೆ ಕೂತು ಹಳೆಯ ಸೀಸವನ್ನೆಲ್ಲ ಕರಗಿಸಿ ತೆಗೆದು, ಹೊಸದಾಗಿ ಬೆಸೆದರು. ನಾಲ್ಕು ಸಲ ಮುಳುಗಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಹಳೆಯ ಚುಕ್ಕೆಗಳನ್ನು ಅರದಿಂದ ಉಜ್ಜಿ ಅಳಿಸಿದರು. ಹೊಸದನ್ನು ಹೊಡೆಯಲು ಎತ್ತಿಕೊಂಡ ಮೊಳೆಯನ್ನು ಮತ್ತೆ ಡಬ್ಬಿಗೆ ಹಾಕಿದರು.

"ಚುಕ್ಕೆ?" ಎಂದೆ.

"ಮೊದ್ಲ ಓಡ್ಲಿ. ಬ್ಯಾಸಗಿ ಕಳದ ಮ್ಯಾಲೆ ತೊಗೊಂಬರ್ರಿ, ಹೊಡಿತೀನಿ."

ಅಷ್ಟರಲ್ಲಿ ಕೆಂಗೇರಿಯ ಟೆಂಪೋದವರೊಬ್ಬರು ರೇಡಿಯೇಟರ್ ಹೊತ್ತು ಒಳಗೆ ಬಂದರು. "ಮತ್ತೆ ಸೋರಲ್ಲ ತಾನೇ?" ಎಂದು ಕೇಳಿದರು.

ಯಲ್ಲಪ್ಪ ಕೈ ಒರೆಸಿಕೊಂಡರು.

"ಇಲ್ಲೀತನ ಒಂದು ವಾಪಸ್ ಬಂದೇತ್ರಿ," ಅಂದರು. ಆಮೇಲೆ ನನ್ನ ಕಡೆ ಗದ್ದ ತೋರಿಸಿ, "ಅಕಾ, ಆ ಅರಿಷಿಣದ ಸಾಹೇಬ್ರದು."