ಲಕ್ಷ್ಮಿ ಹತ್ತಿದ ಕಾರು

ಆವತಿ ಅನ್ನೋ ಹಳ್ಳಿಯಲ್ಲೊಂದು ಜಮೀನು ಅಳೆಯಬೇಕಿತ್ತು. ನನ್ನ ಜೊತೆ ಕೆಲಸ ಮಾಡುವ ಮಂಜನ ಹೊಸ ಕಾರನ್ನು ಕೇಳಿ ತೆಗೆದುಕೊಂಡು ಹೋಗಿದ್ದೆ. ಅಳತೆ ಮುಗಿಸಿ ಬಂದು ನೋಡಿದರೆ, ಹಲಸಿನ ಮರದಡಿ ನಿಲ್ಲಿಸಿದ್ದ ಕಾರಿನ ಮೇಲೆ ಮೇಕೆಯೊಂದು ನಿಂತು ಆರಾಮಾಗಿ ಎಲೆ ಮೇಯುತ್ತಿತ್ತು. ಕಾರಿನ ಟಾಪು ತಟ್ಟೆಯ ಹಾಗೆ ತಗ್ಗಾಗಿತ್ತು.

ಮಂಜನಿಗೆ ಹೇಳುವ ಧೈರ್ಯವಾಗದೆ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

“ಮೇಡಂ, ಗಾಡಿ ನನ್ನದಲ್ಲ, ಫ್ರೆಂಡ್‌ದು. ಇನ್ಶೂರೆನ್ಸ್ ಸಿಗತ್ತಾ?”

“ಪಾಲಿಸಿ ಇರೋದು ಗಾಡಿಗೆ ಸರ್. ಓನರ್ ಒಪ್ಪಿ ಕೊಟ್ಟಿದ್ರೆ, ನಿಮಗೆ ಲೈಸೆನ್ಸ್ ಇದ್ರೆ ತೊಂದ್ರೆ ಇಲ್ಲ. ಡ್ಯಾಮೇಜ್ ಮಾಡಿದವರ ಹೆಸರು?”

ನಾನು ತಡವರಿಸುವಷ್ಟರಲ್ಲಿ ಮೇಕೆ ಹುಡುಕಿಕೊಂಡು ಬಂದಿದ್ದ ಅಜ್ಜಿ ಕೂಗಿದರು, “ಲಕ್ಷ್ಮಿ ಕಣವ್ವಾ!”

“ಲಕ್ಷ್ಮಿಯವರಿಗೆ ಲೈಸೆನ್ಸ್ ಇದ್ಯಾ?”

“ಅದೆಲ್ಲಾ ಯಾಕವ್ವಾ ಅವಳಿಗೆ? ಮೊನ್ನೆ ತಾನೆ ಎರಡು ಮರಿ ಹಾಕವ್ಳೆ!”

ಮೇಡಂ, “ಸರ್, ಕ್ಲೇಮ್ ಓನರ್ರೇ ಹಾಕ್ಬೇಕು. ಅವರಿಂದ ಫೋನ್ ಮಾಡ್ಸಿ,” ಎಂದು ಫೋನ್ ಇಟ್ಟುಬಿಟ್ಟರು.

ಕೊನೆಗೆ ಮಂಜನಿಗೆ ಹೇಳಲೇಬೇಕಾಯಿತು. ಎರಡು ದಿನ ಅವನು ಮಾತಾಡಲಿಲ್ಲ. ಆದರೆ ಕ್ಲೇಮ್ ಪಾಸಾಯಿತು, ಟಾಪೂ ಸರಿಹೋಯಿತು. ಈಗಲೂ ಕಾರು ಕೇಳಿದರೆ ಪುಣ್ಯಾತ್ಮ ಇಲ್ಲ ಅನ್ನುವುದಿಲ್ಲ. “ಎಲ್ಲಿಗೆ ಹೇಳು ಗುರು, ನಾನೇ ಬಿಟ್ಟು ಬರ್ತೀನಿ,” ಅನ್ನುತ್ತಾನೆ.