ಬಾಟಲಿಯ ಮೇಲಿನ ಕೆಂಪು ಚೀಟಿ

ಅದು ಶುರುವಾದದ್ದು ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ. ಇಷ್ಟು ಸರಿಯಾಗಿ ಹೇಳಬಲ್ಲೆ, ಯಾಕೆಂದರೆ ಆ ಹೊತ್ತಿಗೆ ನಾನು ಜರ್ಮನ್ ತರಗತಿಯ ಗುಂಪಿಗೆ ಹೋಂವರ್ಕಿನ ವಿಡಿಯೊ ಕಳಿಸುತ್ತಿದ್ದೆ. ಕಳಿಸಿದ ಸಮಯ ಫೋನಿನಲ್ಲಿ ಇನ್ನೂ ಹಾಗೇ ಇದೆ. ನಡುಮನೆಯಲ್ಲಿ ನಿಂತು ಗುಂಡಿ ಒತ್ತಿದೆ, ಅಡುಗೆಮನೆಯಲ್ಲಿ ಸ್ಟೀಲ್ ಲೋಟ ನೆಲಕ್ಕೆ ಬಿತ್ತು. ಆಮೇಲೆ ಅಪ್ಪನ ಕೆಮ್ಮು. ಅದು ಕೆಮ್ಮಲ್ಲ ಎಂದು ಗೊತ್ತಾಗಲು ಇನ್ನೊಂದು ಕ್ಷಣ ಬೇಕಾಯಿತು.

ನಾನು ನರ್ಸಿಂಗ್ ಓದಿದವಳು. ಜರ್ಮನಿಯ ಆಸ್ಪತ್ರೆಗಳಲ್ಲಿ ಕೆಲಸ ಸಿಗುತ್ತದೆ, ಭಾಷೆಯ ಪರೀಕ್ಷೆ ಪಾಸಾಗಿರಬೇಕು ಅಷ್ಟೆ ಎಂದು ಗೆಳತಿಯರು ಹೇಳಿದ ಮೇಲೆ ವಾರಕ್ಕೆ ಮೂರು ಸಂಜೆ ಭದ್ರಾವತಿಯ ಜನ್ನಾಪುರದಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ತರಗತಿಗೆ ಹೋಗುತ್ತಿದ್ದೆ. ಆ ಭಾಷೆಯಲ್ಲಿ ಮೇಜು, ಬಾಗಿಲು, ಕಿಟಕಿಗೂ ಲಿಂಗವಿದೆ. ಪ್ರತಿ ಹೆಸರಿಗೂ ಮೊದಲು ಡೆರ್, ಡೀ, ಡಾಸ್ ಈ ಮೂರರಲ್ಲೊಂದನ್ನು ಸೇರಿಸಿಯೇ ಕಲಿಯಬೇಕು. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಸಿರು ಚೀಟಿ ಬರೆದು ಮನೆಯ ಸಾಮಾನಿಗೆಲ್ಲ ಅಂಟಿಸಿ ಎಂದಿದ್ದರು ಮೇಷ್ಟ್ರು. ಅಂಟಿಸಿದೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿದ್ದ ಅಪ್ಪನಿಗೆ ಅದೇ ದೊಡ್ಡ ಮನರಂಜನೆ.

"ಏನಮ್ಮಾ ಇದು, ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ! ಮೂರನ್ನೂ ಒಂದೇ ಡಬ್ಬೀಲಿ ಹೆಂಗೆ ಇಡ್ತಾರೆ ಅವ್ರು?"

"ನಮ್ಮನೇಲಿ ಫೋರ್ಕೇ ಇಲ್ಲ, ಬಿಡ್ರಿ. ಯಾವ ಜಗಳಾನೂ ಇಲ್ಲ," ಅಂದಿದ್ದಳು ಅಮ್ಮ.

ಫೋರ್ಕ್ ಇಲ್ಲದ್ದೇ ಆ ಬೆಳಗ್ಗೆ ನನಗೆ ತೊಂದರೆಯಾಯಿತು. ಒಂದೊಂದು ಬಣ್ಣಕ್ಕೆ ಮೂರರಂತೆ ಒಂಬತ್ತು ಸಾಮಾನುಗಳನ್ನು ಅಡುಗೆಮನೆಯಲ್ಲಿ ಸಾಲಾಗಿಟ್ಟು ಹೆಸರು ಹೇಳಿ ವಿಡಿಯೊ ಮಾಡಬೇಕಿತ್ತು. ನೀಲಿಗೆ ಚಮಚ, ತಟ್ಟೆ, ಪಾತ್ರೆ. ಹಸಿರಿಗೆ ಗಾಜಿನ ಲೋಟ, ಚಾಕು, ಉಪ್ಪು. ಕೆಂಪಿಗೆ ಕಾಫಿ ಕಪ್, ಬಾಣಲೆ, ಇನ್ನೊಂದು ಬೇಕು. ಬಾಟಲಿ ಹೆಣ್ಣು ಎಂದು ನೆನಪಾಯಿತು. ನಾವು ನೀರು ಕುಡಿಯುವುದು ತಾಮ್ರದ ಚೊಂಬಿನಿಂದ. ಮನೆಯಲ್ಲಿದ್ದ ಒಂದೇ ಬಾಟಲಿ ಬಚ್ಚಲುಮನೆಯಲ್ಲಿತ್ತು.

ಅದರಲ್ಲಿದ್ದದ್ದು ಆಸಿಡ್. ಬಚ್ಚಲು ತೊಳೆಯಲೆಂದು ಗಾಡಿಯವನಿಂದ ಕೊಳ್ಳುವಂಥದ್ದು. ಅವನು ಅದನ್ನು ಹಳೆಯ ನೀರಿನ ಬಾಟಲಿಗಳಲ್ಲಿ ತುಂಬಿ ಕೊಡುತ್ತಾನೆ. ಕೊಂಡ ದಿನವೇ ಕ್ಯಾಲೆಂಡರಿನ ಹಾಳೆ ಹರಿದು, ದಪ್ಪಕ್ಷರದಲ್ಲಿ 'ಆಸಿಡ್' ಎಂದು ಬರೆದು, ಅನ್ನದ ಅಗುಳು ಸವರಿ ಅಂಟಿಸುವುದು ಅಮ್ಮನ ಪದ್ಧತಿ. ಆ ಹಾಳೆಯ ಮೇಲೆಯೇ ನನ್ನ ಕೆಂಪು ಚೀಟಿ ಅಂಟಿಸಿದೆ. ಕೆಳಗೆ ಬರೆದದ್ದನ್ನು ನೋಡಲಿಲ್ಲವೆಂದಲ್ಲ. ಓದಿದೆ. ಐದು ನಿಮಿಷದ ಕೆಲಸ, ಆಮೇಲೆ ವಾಪಸ್ಸು ಇಟ್ಟರಾಯಿತು ಅಂದುಕೊಂಡೆ. ಚೌಕಟ್ಟಿನಲ್ಲಿ ಚೆಂದ ಕಾಣಲಿ ಎಂದು ತಾಮ್ರದ ಚೊಂಬನ್ನು ಕಟ್ಟೆಯಿಂದ ಕೆಳಗಿಳಿಸಿದೆ. ವಿಡಿಯೊ ಮುಗಿಯಿತು. ನಡುಮನೆಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆಂದು ಹೊರಗೆ ಬಂದೆ.

ಅಪ್ಪ ಎದ್ದ ಕೂಡಲೇ ಬಿ.ಪಿ. ಮಾತ್ರೆ ನುಂಗುತ್ತಾರೆ. ಎರಡು ದಿನದಿಂದ ನೆಗಡಿಯಾಗಿ ಮೂಗು ಕಟ್ಟಿತ್ತು. ಮಾತ್ರೆ ಬಾಯಿಗೆ ಹಾಕಿಕೊಂಡು, ಚೊಂಬು ಕಾಣದೆ, ಕೈಗೆ ಸಿಕ್ಕ ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಕುಡಿದಿದ್ದರು. ಹೆಚ್ಚಿನದನ್ನು ಉಗಿದರು. ಸ್ವಲ್ಪ ಒಳಗಿಳಿದಿತ್ತು.

ಕೂಗು ಕೇಳಿ ಪಕ್ಕದ ಮನೆ ಆಂಟಿ ಉಪ್ಪುನೀರು ಕದಡಿಕೊಂಡು ಓಡಿಬಂದರು. "ಕುಡಿಸು ಮಾರಾಯ್ತಿ, ವಾಂತಿ ಆಗ್ಬಿಡ್ಲಿ!"

"ಬೇಡ ಆಂಟಿ! ವಾಂತಿಯಾದ್ರೆ ಮೇಲೆ ಬರ್ತಾ ಇನ್ನೊಂದ್ಸಲ ಸುಡತ್ತೆ!" ಎಂದು ಲೋಟ ಕಿತ್ತುಕೊಂಡೆ. ಅಪ್ಪನ ಬಾಯಿ ತೊಳೆಸಿದೆ. ಅವತ್ತು ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಆಂಟಿಯ ಮಗನ ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನ ಭುಜಕ್ಕೊರಗಿ ಟವೆಲಿಗೆ ಜೊಲ್ಲು ಸುರಿಸುತ್ತಿದ್ದರು. ಮುಂದೆ ಕೂತ ನನ್ನ ತೊಡೆಯ ಮೇಲೆ, ಡಾಕ್ಟರಿಗೆ ತೋರಿಸಲೆಂದು ತಂದ ಆ ಬಾಟಲಿ. ಚೀಟಿಯಲ್ಲಿ ನನ್ನದೇ ಕೈಬರಹ. ದಾರಿಯಲ್ಲಿ ಉಗುರಿನಿಂದ ಅದನ್ನು ಎಬ್ಬಿಸಿದೆ. ಅನ್ನದ ಅಂಟು; ಅಮ್ಮನ ಹಾಳೆಯೂ ಅದರ ಜೊತೆಗೇ ಕಿತ್ತು ಬಂತು. ಎರಡನ್ನೂ ಮುದ್ದೆಮಾಡಿ ಮುಷ್ಟಿಯಲ್ಲಿಟ್ಟುಕೊಂಡು, ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದೆ. ನನ್ನ ಕೈ ನಡುಗುತ್ತಿತ್ತು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ನಡುಗುತ್ತಿತ್ತು ನಿಜ. ಆದರೂ ಏನು ಮಾಡುತ್ತಿದ್ದೇನೆಂದು ಕೈಗೆ ಗೊತ್ತಿತ್ತು.

ಡಾಕ್ಟರು ಚೀಟಿಯಿಲ್ಲದ ಬಾಟಲಿ ನೋಡಿ ಅಮ್ಮನ ಕಡೆ ತಿರುಗಿದರು. "ಏನಮ್ಮಾ, ನೀರಿನ ಬಾಟ್ಲೀಲಿ ಆಸಿಡ್ ಇಡ್ತೀರ, ಒಂದು ಚೀಟಿ ಬರೆದು ಅಂಟ್ಸೋಕೆ ಆಗಲ್ವಾ?"

ಅಮ್ಮ ಬಾಯಿ ತೆರೆದಳು, ನನ್ನ ಮುಖ ನೋಡಿದಳು. "ಅಂಟ್ಸಿದ್ದೆ ಅನ್ಸತ್ತೆ..." ಅಂದಳು. ನಾನು ಅಪ್ಪನ ಗಲ್ಲದ ಜೊಲ್ಲು ಒರೆಸಲು ಬಗ್ಗಿದೆ.

ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ಮೇಲ್ಪದರ ಸುಟ್ಟಿತ್ತು. ಆರುವಾಗ ಅದು ಕಿರಿದಾಗಬಹುದು, ಮೂರು ವಾರದ ಮೇಲೆ ಮತ್ತೆ ಕೊಳವೆ ಇಳಿಸಿ ನೋಡಬೇಕು ಎಂದರು. ಮನೆಗೆ ಬಂದ ಮೇಲೆ ಅಪ್ಪನಿಗೆ ತೆಳು ಗಂಜಿ, ಎಳನೀರು. ಸಹಾಯಕ್ಕೆಂದು ಶಿವಮೊಗ್ಗದಿಂದ ಸೋದರತ್ತೆ ಬಂದರು. ಅಪ್ಪನ ಅಕ್ಕ, ತಮ್ಮನೆಂದರೆ ಪ್ರಾಣ. ದಿನಕ್ಕೆ ಹತ್ತು ಸಲ ಅಮ್ಮನಿಗೆ ಚುಚ್ಚುವರು: "ಗಂಡಂಗೆ ಆಸಿಡ್ ಕುಡ್ಸಿದ ಹೆಂಗಸು ಇಡೀ ಭದ್ರಾವತೀಲಿ ನೀನೊಬ್ಳೇ."

ಅಮ್ಮ ಎದುರಾಡಲಿಲ್ಲ. ನಿದ್ದೆಯನ್ನು ಮಾತ್ರ ಬಿಟ್ಟಳು. ರಾತ್ರಿ ಮೂರು ನಾಲ್ಕು ಸಲ ಎದ್ದು ದೀಪ ಹಾಕಿ, ಎಣ್ಣೆ, ಜೇನುತುಪ್ಪ, ಔಷಧಿ, ಒಂದೊಂದನ್ನೇ ಮುಟ್ಟಿ ಮೂಸಿ ಓದುವಳು. ಪಕ್ಕದ ಕೋಣೆಯಲ್ಲಿ ನಾನೂ ಎಚ್ಚರವಾಗಿಯೇ ಇರುತ್ತಿದ್ದೆ. ಕಣ್ಣು ಮುಚ್ಚಿದರೆ ಅಪ್ಪ ಲೋಟ ಎತ್ತುತ್ತಿದ್ದರು. ನಾನು ಕಾಣದಿದ್ದ ಆ ಕ್ಷಣವೇ ದಿನಾ ಕಾಣುತ್ತಿತ್ತು. ಕೂಗಿ ತಡೆಯಲು ಬಾಯಿ ತೆರೆದರೆ ಎಚ್ಚರವಾಗುತ್ತಿತ್ತು.

ಹನ್ನೊಂದನೆಯ ದಿನವಿರಬೇಕು. ಅಮ್ಮ ಗಂಜಿ ಕದಡುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಉಪ್ಪು ಹಾಕಿದೀಯೋ ಸೋಡಾ ಹಾಕಿದೀಯೋ ನೋಡ್ಕೊ. ಈ ಮರೆವಿಗೆ ಡಾಕ್ಟ್ರಿಗೆ ತೋರ್ಸೋದು ಒಳ್ಳೇದು," ಅಂದರು. ಅಮ್ಮನ ಕೈ ನಿಂತಿತು. ಸೌಟನ್ನು ಅತ್ತೆಯ ಕಡೆ ಚಾಚಿದಳು. "ಹೌದು ಅತ್ತಿಗೆ, ನೀವೇ ಮಾಡಿ. ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ."

ಮೂವತ್ತು ವರ್ಷ ಆ ಅಡುಗೆಮನೆ ನಡೆಸಿದವಳು ಸೌಟು ಬಿಟ್ಟುಕೊಡುತ್ತಿದ್ದಳು. ನಾನು ಹೇಳಿದೆ. ಚೀಟಿ, ವಿಡಿಯೊ, ಕಾರು, ಕಸದ ಡಬ್ಬಿ, ಎಲ್ಲ ಒಟ್ಟಿಗೆ, ಹಿಂದುಮುಂದಾಗಿ.

ಅಮ್ಮ ಕೇಳಿದ್ದು ಒಂದೇ. "ಬರ್ದಿದ್ನಾ ನಾನು?"

"ಬರ್ದಿದ್ದೆ ಅಮ್ಮ. ನಾನು ಓದಿದ್ದೆ."

ಅವಳು ಅತ್ತೆಯ ಕೈಯಿಂದ ಸೌಟು ವಾಪಸ್ಸು ತೆಗೆದುಕೊಂಡು ಒಲೆಯ ಕಡೆ ತಿರುಗಿದಳು. ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ಒಳಗಿನ ಮಂಚದಿಂದ ಅಪ್ಪ ಸೀಳಿದ ದನಿಯಲ್ಲಿ ಕರೆದರು. ಹೋದೆ.

"ಕುಡಿದದ್ದು ನನ್ ತಪ್ಪು, ಇಟ್ಟಿದ್ದು ನಿನ್ ತಪ್ಪು, ಇರ್ಲಿ. ಇಷ್ಟು ದಿನ ಅವಳು ಬೈಸ್ಕೊಳ್ತಿದ್ರೂ ಸುಮ್ನೆ ಕೂತಿದ್ಯಲ್ಲೇ, ಅದ್ಯಾಕೆ?"

ಅವರ ಹೊದಿಕೆ ಸರಿಮಾಡಿ ಹೊರಗೆ ಬಂದೆ.

ಅವತ್ತಿನಿಂದ ಅಮ್ಮ ರಾತ್ರಿ ಏಳುವುದು ನಿಂತಿತು. ನನ್ನೊಡನೆ ಮಾತೂ ನಿಂತಿತು. ಅಪ್ಪನ ಮಾತ್ರೆ, ನೀರು, ಯಾವುದನ್ನೂ ನಾನು ಮುಟ್ಟುವಂತಿರಲಿಲ್ಲ; ನರ್ಸಿಂಗ್ ಓದಿದ ಮಗಳನ್ನು ದಾಟಿಕೊಂಡು ಅವಳೇ ಒಯ್ಯುತ್ತಿದ್ದಳು. ತರಗತಿ ಬಿಟ್ಟಿದ್ದೆ. ಗೋಡೆ, ಬಾಗಿಲು, ಡಬ್ಬಿಗಳ ಚೀಟಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದೆ.

ಮೂರು ವಾರದ ಮೇಲೆ ಮತ್ತೆ ಕೊಳವೆ ಇಳಿಸಿ ನೋಡಿದರು. ಕೆಳಭಾಗದಲ್ಲಿ ಚೂರು ಬಿಗಿಯಾಗಿದೆ, ಇಡ್ಲಿ ತಿನ್ನಬಹುದು, ಇನ್ನೊಂದು ತಿಂಗಳು ನೋಡೋಣ ಎಂದರು. ಸಂಜೆ ಮನೆಗೆ ಬಂದಾಗ ಅಮ್ಮ ಸುಸ್ತಾಗಿ ಗೋಡೆಗೊರಗಿ ಕಾಲು ಚಾಚಿದಳು. ನನ್ನ ಕಡೆ ನೋಡದೆಯೇ ಹೇಳಿದಳು: "ಅಪ್ಪಂಗೆ ಮಾತ್ರೆ ಕೊಡು. ನೀರು ನೀನೇ ತಗೊಂಡ್ ಹೋಗು."

ಚೊಂಬಿನಿಂದ ಲೋಟಕ್ಕೆ ಬಗ್ಗಿಸಿ, ಮೊದಲು ನಾನೊಂದು ಗುಟುಕು ಕುಡಿದು ನೋಡಿದೆ. ಅಮ್ಮ ಅದನ್ನು ನೋಡಿದಳು. ಬೇರೆ ಲೋಟದಲ್ಲಿ ನೀರು ತುಂಬಿ ಅಪ್ಪನ ಕೈಗೆ ಕೊಟ್ಟೆ. ಅವರು ಮಾತ್ರೆ ನುಂಗಿದರು. ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು. ಆ ರಾತ್ರಿ ಮಲಗಿದ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು.