ಉಡಿಗೆ ಬಿದ್ದ ಎರಡು ನಾಣ್ಯಗಳು

ಕುಷ್ಟಗಿಯ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು, ಕೈಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಚೀಲದೊಳಗೆ ಕುಂಕುಮದ ಭರಣಿ, ಭರಣಿಯೊಳಗೆ ಆರು ಬಂಗಾರದ ನಾಣ್ಯಗಳು. ನಾಲ್ಕು ನನ್ನವು. ಎರಡು ನಮಗೆ ಬೇಡವಾದವು. ಆರರಲ್ಲಿ ಆ ಎರಡು ಯಾವುವು ಎಂಬುದು ಮಾತ್ರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ನಾಲ್ಕನ್ನು ನಾನೇ ಕೊಂಡಿದ್ದೆ. ಎಂ.ಎಸ್ಸಿ. ಮುಗಿದ ಮೇಲೆ ಗಿಣಿಗೇರಾ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಅದಿರಿನ ಮಾದರಿಗಳನ್ನು ಪರೀಕ್ಷಿಸಿ ವರದಿಗೆ ಸಹಿ ಹಾಕುವುದು ನನ್ನ ಕೆಲಸ. ಪ್ರತಿ ವರ್ಷ ದೀಪಾವಳಿಗೆ ಮೊದಲು ಕೊಪ್ಪಳದ ಪೇಟೆಯಲ್ಲಿ ಎರಡು ಗ್ರಾಮಿನ ಒಂದು ನಾಣ್ಯ ಕೊಳ್ಳುತ್ತಿದ್ದೆ. ಒಂದು ಬದಿಗೆ ಲಕ್ಷ್ಮಿ, ಇನ್ನೊಂದು ಬದಿಗೆ ತೂಕ ಮತ್ತು ಶುದ್ಧತೆ. ಗಟ್ಟಿ ಪ್ಲಾಸ್ಟಿಕ್ಕಿನ ಕಾರ್ಡಿನೊಳಗೆ ಅದನ್ನು ಮುಚ್ಚಿ ಕೊಡುತ್ತಾರೆ. ಕೊರಳಿಗೆ ಹಾಕಿಕೊಳ್ಳಲಾಗದ, ಆದ್ದರಿಂದ ಯಾರೂ ಕೇಳದ ಬಂಗಾರ. ಅದಕ್ಕೇ ನನಗೆ ಇಷ್ಟ.

ಉಳಿದೆರಡು ನನ್ನ ಉಡಿಗೆ ಬಿದ್ದವು. ನಿಶ್ಚಯದ ದಿನ ಹುಡುಗನ ತಾಯಿ ನನಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬುಗಳ ಜೊತೆ ಎರಡು ನಾಣ್ಯಗಳನ್ನೂ ನನ್ನ ಸೆರಗಿನೊಳಗೆ ಇಟ್ಟರು. ಅವೂ ಎರಡೆರಡು ಗ್ರಾಮಿನವು, ಅದೇ ಕಾರ್ಡು, ಅದೇ ಲಕ್ಷ್ಮಿ. ಗಂಗಾವತಿ ಕಡೆ ಮರಳಿ ಎಂಬ ಊರಿನವರು ಅವರು, ಭತ್ತದ ಗದ್ದೆಯವರು. ಕೆಲವು ತಿಂಗಳ ಮೇಲೆ, ಮದುವೆಯಾದರೆ ಲ್ಯಾಬಿಗೆ ಹೋಗುವ ಹಾಗಿಲ್ಲ ಎಂಬ ಮಾತು ಬಂತು. ಆಗುವುದಿಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಸೀರೆ, ಉಂಗುರ ಹಿಂದಕ್ಕೆ ಹೋದವು. ನಾಣ್ಯಗಳನ್ನು ಮಾತ್ರ ಅವರು ಮುಟ್ಟಲಿಲ್ಲ. ಉಡಿಗೆ ಹಾಕಿದ್ದನ್ನು ತಿರುಗಿ ತೆಗೆದುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದರು.

ಅಷ್ಟರಲ್ಲಿ ಅವ್ವನ ಕೈಯಲ್ಲಿ ಒಂದು ಕೆಲಸ ಆಗಿಹೋಗಿತ್ತು. ನಿಶ್ಚಯವಾದ ವರ್ಷ ದೀಪಾವಳಿ ಅಮಾವಾಸ್ಯೆಗೆ ಅವಳು ಲಕ್ಷ್ಮೀ ಪೂಜೆಗೆಂದು ಮನೆಯ ಬಂಗಾರವನ್ನೆಲ್ಲ ಹೊರಗೆ ತೆಗೆದಿದ್ದಳು. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಆರೂ ಕಾರ್ಡುಗಳನ್ನು ಕತ್ತರಿಯಿಂದ ಕತ್ತರಿಸಿ, ನಾಣ್ಯಗಳನ್ನು ಅಂಟವಾಳಕಾಯಿಯ ನೀರಲ್ಲಿ ತೊಳೆದು, ಕಲಶದ ಮುಂದೆ ಒಂದೇ ಬಟ್ಟಲಿಗೆ ಹಾಕಿದ್ದಳು.

"ಪ್ಲಾಸ್ಟಿಕ್ಕಿನ್ಯಾಗ ಇಟ್ಟು ಪೂಜಿ ಮಾಡಿದ್ರ ಲಕ್ಷ್ಮಿಗೆ ಉಸಿರು ಕಟ್ಟೂದಿಲ್ಲೇನು?" ಎಂದಳು.

ಕಾರ್ಡುಗಳು ಕಸದ ಗಾಡಿಗೆ ಹೋಗಿದ್ದವು. ಆಗ ನಕ್ಕು ಸುಮ್ಮನಾದೆ. ಆರೂ ನನ್ನವೇ ಆಗುವುದಿತ್ತಲ್ಲ.

ಮುಂದಿನ ದೀಪಾವಳಿ ಹತ್ತಿರ ಬಂದಾಗ ಅವ್ವ ಹಟ ಹಿಡಿದಳು. ಮುರಿದ ಸಂಬಂಧದ ಬಂಗಾರವನ್ನು ಲಕ್ಷ್ಮಿಯ ಮುಂದೆ ಇಡಬಾರದು.

"ಮಾರಿ ಬಿಡೂಣು."

"ಎರಡು ಮಾರು. ನನ್ನ ನಾಕು ಕೊಡಂಗಿಲ್ಲ."

"ಹಂಗಾದ್ರ ತೋರ್ಸು. ನಿನ್ನವು ಯಾವು?"

ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಒಂದೇ ಅಚ್ಚು, ಒಂದೇ ತೂಕ, ಒಂದೇ ಶುದ್ಧತೆ. ಲಕ್ಷ್ಮಿಯ ಮಡಿಲ ಸಂದಿನಲ್ಲಿ ಆರಕ್ಕೂ ಅದೇ ಕುಂಕುಮ ಕೂತಿತ್ತು. ಲ್ಯಾಬಿನ ಯಾವ ಯಂತ್ರಕ್ಕೆ ಕೊಟ್ಟರೂ ಆರಕ್ಕೂ ಒಂದೇ ಉತ್ತರ ಬರುತ್ತಿತ್ತು.

"ಗೊತ್ತಾಗಂಗಿಲ್ಲಂದ್ರ ಆರೂ ಹೋಗ್ಲಿ," ಎಂದಳು ಅವ್ವ. "ಬ್ಯಾರೆ ತಗೊಂಡ್ರಾತು."

ಬೇರೆ ತೆಗೆದುಕೊಂಡರೆ ಅದು ಬೇರೆಯದೇ ಆಗುತ್ತದೆ ಎಂದು ಅವಳಿಗೆ ಹೇಳಲಿಲ್ಲ. ಯಾವ ಸಂಬಳವನ್ನು ಅವರು ಬೇಡವೆಂದರೋ ಆ ಸಂಬಳದಲ್ಲಿ ಕೊಂಡವು ಅವು. ಅವರ ಎರಡರ ಜೊತೆ ಅವೂ ಕರಗಿ ಹೋಗುವುದು ನನ್ನಿಂದ ನೋಡಲಾಗದು. ನಾನು ಅವಳ ಜೊತೆ ಹೊರಟದ್ದು ನಾಲ್ಕನ್ನು ಉಳಿಸಿಕೊಳ್ಳಲು. ಹೇಗೆ ಎಂಬುದು ಬಸ್ಸು ಇಳಿಯುವವರೆಗೂ ಹೊಳೆಯಲಿಲ್ಲ.

ಕೊಪ್ಪಳದ ಅಂಗಡಿಯವರಿಗೆ ಅಪ್ಪ ಗೊತ್ತು. ಗಂಗಾವತಿಯ ಪೇಟೆ ಮರಳಿಯವರದು. ಹಾಗಾಗಿ ಕುಷ್ಟಗಿ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗಿನ ಒಂದು ಬಂಗಾರದಂಗಡಿಗೆ ಹೋದೆವು. ಗಲ್ಲಾಪೆಟ್ಟಿಗೆಯ ಹಿಂದೆ ವಯಸ್ಸಾದ ಯಜಮಾನರು ಕೂತಿದ್ದರು. ಪಕ್ಕದಲ್ಲಿ ಇಬ್ಬರು ಹೆಂಗಸರು ಕಾಲುಂಗುರ ನೋಡುತ್ತಿದ್ದರು.

"ಬರ್ರಿ ಅಕ್ಕಾರ, ಕುಂದರ್ರಿ. ಯಾವೂರ್ರಿ?"

"ತಾವರಗೇರಾ," ಎಂದಳು ಅವ್ವ, ಒಂದಿಷ್ಟೂ ತಡೆಯದೆ. ಈ ಸುಳ್ಳನ್ನು ನಾವು ಮಾತಾಡಿಕೊಂಡಿರಲಿಲ್ಲ.

ಅವರು ನಾಣ್ಯಗಳನ್ನು ಕೆಂಪು ಮಖಮಲ್ಲಿನ ತಟ್ಟೆಗೆ ಸುರಿದುಕೊಂಡು ಒಂದೊಂದನ್ನೇ ಮಗುಚಿದರು.

"ಇವುಕ್ಕ ಕಾರ್ಡ್ ಇರ್ತಾವಲ್ರಿ. ಎಲ್ಲಿ?"

"ಪೂಜಿಗಂತ ತಗದು ಒಗದೀನ್ರಿ."

"ಒಗದ್ರಿ? ಬಿಲ್ಲರ ಅದಾವೇನು?"

ನಾನು ಬಿಲ್ಲುಗಳನ್ನು ಗಾಜಿನ ಮೇಲಿಟ್ಟೆ. ಯಾವ ಕಾಗದವನ್ನೂ ಕಳೆಯದ ನನ್ನ ಅಭ್ಯಾಸ ಅಲ್ಲಿ ನಮಗೇ ತಿರುಗಿಬಿತ್ತು.

"ಮಾಲು ಆರು, ಬಿಲ್ಲು ನಾಕು," ಎಂದರು ಅವರು ಕನ್ನಡಕ ಏರಿಸಿ. "ತಾವರಗೇರಾ ಅಂದ್ರಿ. ಇದರಾಗ ಕೊಪ್ಪಳ ಅಂತೈತಿ."

ಅವ್ವ ಕೈಚೀಲದ ಬಾಯಿ ಮುಚ್ಚಿದಳು.

"ತಾವರಗೇರಾದಾಗ ಯಾರ ಪೈಕಿ ರೀ ನೀವು? ನನ್ನ ಮಗಳ್ನ ಅಲ್ಲೇ ಕೊಟ್ಟೀನಿ."

ಅವ್ವ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಯಜಮಾನರು ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ, ಗಾಜಿನ ಆಚೆ ಸರಿಸಿಕೊಂಡರು. ಆರೂ ನಾಣ್ಯಗಳು ಈಗ ನನ್ನ ಕೈಗೆ ಎಟುಕುತ್ತಿರಲಿಲ್ಲ.

"ತಪ್ಪ ತಿಳಕೋಬ್ಯಾಡ್ರಿ. ಹಿಂದಕ ಹಿಂಗ ಒಬ್ರು ತಂದಿದ್ರು, ಕಳವಿನ ಮಾಲು. ಪೊಲೀಸ್ರು ವಾರಗಟ್ಲೆ ಇಲ್ಲೇ ಕುಂತು ನನ್ನ ರೊಕ್ಕದಾಗ ಚಾ ಕುಡದ್ರು. ಮನ್ಯಾಗ ಗಂಡಮಕ್ಕಳು ಯಾರರ ಇದ್ರ ಫೋನ್ ಹಚ್ಚಿ ಕೊಡ್ರಿ. ಒಂದು ಮಾತು ಕೇಳಿಬಿಡ್ತೀನಿ."

ಪಕ್ಕದ ಹೆಂಗಸರು ಕಾಲುಂಗುರ ನೋಡುವುದನ್ನು ಬಿಟ್ಟಿದ್ದರು. ಫೋನು ಯಜಮಾನರ ಕೈಗೆ ಹೋದರೆ ಅಪ್ಪ, ಅಪ್ಪನಿಂದ ಕೊಪ್ಪಳದ ಅಂಗಡಿ, ಅಲ್ಲಿಂದ ಊರು. ಹೋಗಲಿ ಎಂದು ಎದ್ದು ಹೊರಟರೆ ನಿಜವಾಗಿಯೂ ಕಳ್ಳರಾಗುತ್ತೇವೆ. ಮರಳಿಯ ವಿಷಯವನ್ನು ನಾನು ಲ್ಯಾಬಿನಲ್ಲಿ ಜೊತೆಗೆ ಊಟ ಮಾಡುವವರಿಗೂ ಹೇಳಿರಲಿಲ್ಲ.

"ಆ ಎರಡು ನನ್ನ ಉಡಿಗೆ ಹಾಕಿದ್ದವು ರೀ," ಎಂದೆ. "ನಿಶ್ಚಯ ಆಗಿತ್ತು, ಮುರದೈತಿ. ಅವರು ವಾಪಸ್ ತಗೊಳ್ಳಲಿಲ್ಲ. ನಮ್ಮೂರಾಗ ಮಾರಿದ್ರ ಮಂದಿ ಮಾತಾಡ್ತಾರಂತ ಇಲ್ಲಿಗೆ ಬಂದೀವಿ. ಅವ್ವ ಸುಳ್ಳು ಹೇಳಿದ್ದು ಅದಕ್ಕ."

ನನ್ನ ಧ್ವನಿ ನಾನೆಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಹೆಂಗಸರಲ್ಲಿ ಒಬ್ಬಳು ಚಕ್ಕನೆ ತಲೆ ಬಗ್ಗಿಸಿ ಕಾಲುಂಗುರ ಹುಡುಕತೊಡಗಿದಳು.

ಯಜಮಾನರು ನನ್ನ ಆಧಾರ್ ಕಾರ್ಡನ್ನೂ ಬಿಲ್ಲುಗಳ ಮೇಲಿನ ಹೆಸರನ್ನೂ ತಾಳೆ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿದರು.

"ಇಷ್ಟ ಮೊದ್ಲ ಹೇಳಿದ್ರ ಆಗ್ತಿದ್ದಿಲ್ಲೇನ್ರಿ ಅಕ್ಕಾರ? ಸುಮ್ನ ನಮ್ಮ ಬೀಗರ ಊರಿನ ಹೆಸರು ಕೆಡಸಿದ್ರಿ."

"ಕಳ್ರಾಗಿದ್ರ ಬಿಲ್ಲು ತರ್ತಿದ್ವೇನ್ರಿ ಅಣ್ಣಾರ?" ಎಂದಳು ಅವ್ವ.

ಅವರು ನಕ್ಕು ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು. "ಯಾವ ಎರಡು, ತಂಗಿ? ನೋಡಿ ಹೇಳು. ಒಲಿಗೆ ಹೋದ ಮ್ಯಾಲ ತಿರುಗಿ ಬರೂದಿಲ್ಲ."

"ಆರೂ ತಗೋರಿ," ಎಂದಳು ಅವ್ವ.

ನಾನು ತಟ್ಟೆಯ ಮೇಲೆ ಕೈ ಇಟ್ಟೆ.

ಲ್ಯಾಬಿನಲ್ಲಿ ಚೀಟಿ ಕಳಚಿದ ಮಾದರಿ ಬಂದರೆ ನಾನು ಮುಟ್ಟುವುದಿಲ್ಲ. ಹಿಂದಕ್ಕೆ ಕಳಿಸುತ್ತೇನೆ. ಊಹೆಯ ಮೇಲೆ ಯಾವತ್ತೂ ಸಹಿ ಹಾಕಿಲ್ಲ. ಮನೆಯಲ್ಲೂ ಅಷ್ಟೆ, ಖಾತ್ರಿಯಾಗದೆ ಬಾಯಿ ಬಿಡುವುದಿಲ್ಲ ಎಂದು ಅವ್ವನೇ ನೆಂಟರ ಮುಂದೆ ನನ್ನನ್ನು ಚೇಷ್ಟೆ ಮಾಡುತ್ತಾಳೆ.

ಅಂಚಿನಲ್ಲಿದ್ದ ಒಂದನ್ನು, ನಡುವಿನ ಒಂದನ್ನು ಬೆರಳಿನಿಂದ ಹೊರಗೆ ಎಳೆದೆ. "ಇವು."

"ಹೆಂಗ ಗೊತ್ತಾತು?" ಅವ್ವ ನನ್ನ ಕಿವಿಯ ಹತ್ತಿರ ಕೇಳಿದಳು.

"ಗೊತ್ತಾತು."

"ಖರೇನ?"

ಅವಳ ಮುಖ ನೋಡಿಯೇ ಹೇಳಬೇಕಾಯಿತು. "ಖರೇನ."

ಅವ್ವ ಉಳಿದ ನಾಲ್ಕನ್ನು ತಾನೇ ಆರಿಸಿ ಭರಣಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಯಜಮಾನರು ಎರಡನ್ನೂ ಒರೆಗಲ್ಲಿಗೆ ತಿಕ್ಕಿ, ತೂಗಿ, ಒಳಗೆ ಒಲೆಯ ಹತ್ತಿರ ಕರೆದರು. ಬೆಂಕಿ ತಾಗಿದಾಗ ಮೊದಲು ಅಂಚು ಮೆತ್ತಗಾಯಿತು, ಆಮೇಲೆ ಲಕ್ಷ್ಮಿಯ ಕೈ, ಮುಖ. ಅವ್ವ ಸೆರಗನ್ನು ತಲೆಯ ಮೇಲೆ ಹೊದ್ದು ನಿಂತಿದ್ದಳು. ಕೊನೆಗೆ ಒಂದು ಸಣ್ಣ ಹೊಳೆಯುವ ಗುಂಡು ಉಳಿಯಿತು. ಅದು ಯಾರದೂ ಆಗಿರಲಿಲ್ಲ.

ಆ ಹಣ ಸೋರುತ್ತಿದ್ದ ಮಾಳಿಗೆಗೆ ಹೋಯಿತು. ಭರಣಿಯಲ್ಲಿರುವ ನಾಲ್ಕರಲ್ಲಿ ಮರಳಿಯದು ಒಂದಿರಬಹುದು, ಎರಡೂ ಇರಬಹುದು. ನಾನು ಅವನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿಲ್ಲ. ಅವು ನನ್ನವು ಎಂದು ಹೇಳಿಯಾಗಿದೆ.

ದೀಪಾವಳಿಗೆ ಎಂದಿನಂತೆ ಒಂದು ನಾಣ್ಯ ಕೊಂಡು ತಂದೆ. ಪೂಜೆಯ ಹೊತ್ತಿಗೆ ಅವ್ವ ನಾಲ್ಕನ್ನೂ ತೊಳೆದು ಬಟ್ಟಲಿಗೆ ಹಾಕಿದಳು, ಕತ್ತರಿ ಕೈಗೆ ತೆಗೆದುಕೊಂಡಳು, ಹೊಸದರ ಕಾರ್ಡು ಹಿಡಿದು ನನ್ನ ಕಡೆ ನೋಡಿದಳು.

"ಕತ್ತರಸ್ಲೇನು?"

ಅವಳು ಹಾಗೆ ಕೇಳಿದ್ದು ಅದೇ ಮೊದಲು.

"ಬ್ಯಾಡವ್ವಾ. ಇದು ಹಂಗ ಇರ್ಲಿ."

ಅವ್ವ ಕತ್ತರಿ ಕೆಳಗಿಟ್ಟು, ಕಾರ್ಡಿನ ಪ್ಲಾಸ್ಟಿಕ್ಕಿನ ಮೇಲೆಯೇ, ಲಕ್ಷ್ಮಿಯ ಹಣೆ ಇದ್ದ ಕಡೆ ಸರಿಯಾಗಿ ನೋಡಿ ಕುಂಕುಮ ಹಚ್ಚಿದಳು.